ಮೂವತ್ತಮೂರನೇ ಪ್ರಶ್ನೆ

ನನ್ನ ಅಕ್ಕ ಡಾಕ್ಟರಲ್ಲ, ನರ್ಸೂ ಅಲ್ಲ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ಅಟೆಂಡರ್. ಆದರೂ ಮಕ್ಕಳ ಮಾನಸಿಕ ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ, ಯಾವ ಮಗು ಡಾಕ್ಟರ ಕೋಣೆಗೆ ಹೋಗಬೇಕಾದರೂ ಮೊದಲು ಅವಳ ಮೇಜು ದಾಟಬೇಕಿತ್ತು. ಅಲ್ಲಿ ಕೂತು ಅವಳು ತಂದೆತಾಯಿಯರಿಂದ ಒಂದು ಫಾರ್ಮು ತುಂಬಿಸುತ್ತಿದ್ದಳು. ಆಸ್ಪತ್ರೆಗೆ ಆಸ್ಪತ್ರೆಯೇ ಅವಳನ್ನು ಫಾರ್ಮಕ್ಕ ಎನ್ನುತ್ತಿತ್ತು. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದೇ ಕೂತಿದ್ದೇನೆ. ಎಷ್ಟು ಹೊತ್ತು ಸಾಧ್ಯವಾಗುತ್ತದೋ ನೋಡೋಣ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ನಾನು ಟೈಲರ್, ಶಾಲೆಗಳ ಯೂನಿಫಾರಂ ಹೊಲಿಯುತ್ತೇನೆ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ನನ್ನ ತಲೆ ಬಾಚಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಹೊಲಿಗೆ ಕಲಿಸಲು ಕಳಿಸಿದ್ದು, ಗಂಡು ನೋಡಿ ಮದುವೆ ಮಾಡಿದ್ದು ಎಲ್ಲ ಅವಳೇ. ತಾನು ಮಾತ್ರ ಮದುವೆಯಾಗಲಿಲ್ಲ. "ನಿನ್ನೊಬ್ಬಳ ಹಟ ತಡ್ಕೊಂಡಿದ್ದೇ ಆಯ್ತು, ಇನ್ನೊಬ್ಬರದ್ದು ನನ್ನ ಕೈಲಾಗಲ್ಲ" ಎನ್ನುತ್ತಿದ್ದಳು. ನನಗೆ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ಅವಳೇ. ದುಂಡಗಿದ್ದ ಕೂಸನ್ನು ಗುಂಡಮ್ಮ ಎಂದು ಕರೆದಳು, ಆ ಹೆಸರೇ ನಿಂತುಬಿಟ್ಟಿತು.

ಅವಳ ವಿಭಾಗಕ್ಕೆ ನಾನು ಆಗಾಗ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ. ಭುಜದೆತ್ತರಕ್ಕೆ ಹಸಿರು ಬಣ್ಣ ಬಳಿದ ಗೋಡೆ, ನೆಲಕ್ಕೆ ಸ್ಕ್ರೂ ಹೊಡೆದ ಬೆಂಚುಗಳು, ಸದಾ ಕಟಕಟ ಎನ್ನುವ ಫ್ಯಾನು. ಮೂಲೆಯಲ್ಲಿ ಆಟಿಕೆಗಳ ಬೀರು, ಅದಕ್ಕೊಂದು ಬೀಗ. ಬೀಗ ಹಾಕದಿದ್ದರೆ ಆಟಿಕೆಗಳೆಲ್ಲ ಮನೆಮನೆಗೆ ನಡೆದುಬಿಡುತ್ತಿದ್ದವಂತೆ. ಬೆಂಚಿನ ಮೇಲೆ ಒಂದು ಮಗು ತಲೆ ಚಚ್ಚಿಕೊಳ್ಳುತ್ತಿದ್ದರೆ, ಇನ್ನೊಂದು ಬೆಂಚಿನ ಕೆಳಗೆ ಸೇರಿರುತ್ತಿತ್ತು, ಮತ್ತೊಂದು ಫೋಟೋ ತೆಗೆಸಲು ಕೂತ ಹಾಗೆ ಅಲುಗಾಡದೆ ಕೂತಿರುತ್ತಿತ್ತು. ಮೊದಲ ದಿನ ನಾನು ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಹಿಂದೆ ಸರಿದೆ. ಅಕ್ಕ ಮಾತ್ರ ಅವುಗಳ ನಡುವೆ ತನ್ನ ಮನೆಯ ಅಡುಗೆಕೋಣೆಯಲ್ಲಿ ಓಡಾಡುವಂತೆ ಓಡಾಡುತ್ತಿದ್ದಳು.

ಫಾರ್ಮಿನಲ್ಲಿ ನಲವತ್ತು ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಚೌಕ: ಇಲ್ಲವೇ ಇಲ್ಲ, ಒಮ್ಮೊಮ್ಮೆ, ಆಗಾಗ, ಯಾವಾಗಲೂ. ಉತ್ತರಗಳಿಗೆ ಅಂಕ ಹಾಕಿ ಕೂಡಿದರೆ ಮಗುವಿನ ತೊಂದರೆ ಯಾವ ಕಡೆಯದು ಎಂದು ತಿಳಿಯುತ್ತಿತ್ತು. ಮೊದಲ ಹದಿನೆಂಟು ಗಮನ ಮತ್ತು ಚಡಪಡಿಕೆಯವು, ಆಮೇಲಿನವು ಭಯ, ದುಃಖ, ನಿದ್ದೆ, ಗೀಳು ಹೀಗೆ. ಯಾರೋ ದೊಡ್ಡ ಪಂಡಿತರು ಬರೆದ ಭಾಷೆ ಅದು. "ಸೂಚನೆಗಳನ್ನು ಅನುಸರಿಸುವಲ್ಲಿ ವೈಫಲ್ಯ ಕಂಡುಬರುತ್ತದೆಯೇ?" ಎಂದು ಓದಿದರೆ ಎದುರಿಗಿದ್ದ ತಾಯಿ ಬಾಯಿ ಬಾಯಿ ಬಿಡುತ್ತಿದ್ದಳು. ಮೊದಲು ಅದನ್ನು ಓದುತ್ತಿದ್ದ ಗುಮಾಸ್ತ ಮುಲಾಜಿಲ್ಲದೆ ಎಲ್ಲದಕ್ಕೂ 'ಒಮ್ಮೊಮ್ಮೆ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದ. ಒಂದು ದಿನ ಅವನು ರಜೆಯಲ್ಲಿದ್ದಾಗ, ನೆಲ ಒರೆಸುತ್ತಿದ್ದ ಅಕ್ಕ ಕೋಲು ಬದಿಗಿಟ್ಟು ಒಬ್ಬ ತಾಯಿಯನ್ನು ಕೇಳಿದಳು: "ಒಲೆ ಮೇಲೆ ಹಾಲಿದೆ, ಉಕ್ಕಿದ್ರೆ ಆರಿಸು ಅಂತ ಹೇಳಿ ಹೋದ್ರೆ, ನೀವು ಬರೋ ಹೊತ್ತಿಗೆ ಹಾಲು ಎಲ್ಲಿರುತ್ತೆ?"

"ನೆಲದ ಮೇಲೆ" ಎಂದಳು ಆ ತಾಯಿ.

ಹಿರಿಯ ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಮರುದಿನದಿಂದ ಕೋಲು ಬೇರೆಯವರ ಕೈಗೆ ಹೋಯಿತು, ಪೆನ್ನು ಅಕ್ಕನ ಕೈಗೆ ಬಂತು. ನಲವತ್ತು ಪ್ರಶ್ನೆಗೂ ಅವಳು ತನ್ನದೇ ಮಾತು ಹೊಂದಿಸಿಕೊಂಡಳು, ಕ್ರಮೇಣ ಅವು ಅವಳಿಗೆ ಬಾಯಿಪಾಠವಾದವು. ಕೊನೆಕೊನೆಗೆ ಅವಳು ಕಾಗದ ನೋಡುತ್ತಲೇ ಇರಲಿಲ್ಲ, ಎದುರಿಗಿದ್ದವರ ಮುಖ ನೋಡುತ್ತಾ ಕೈಯನ್ನು ಚೌಕಗಳ ಮೇಲೆ ಓಡಿಸುತ್ತಿದ್ದಳು.

ಇನ್ನೊಂದು ಉಪಾಯವೂ ಇತ್ತು. ಅಪ್ಪ ಪಕ್ಕದಲ್ಲಿದ್ದರೆ ಅಮ್ಮನ ಬಾಯಿಗೆ ಬೀಗ ಬೀಳುತ್ತದೆ ಎಂದು ಅವಳಿಗೆ ಬೇಗ ತಿಳಿಯಿತು. ಆಗ ಅಕ್ಕ ಒಂದು ಚೀಟಿ ಹರಿದು, "ಇದಕ್ಕೆ ನಾಲ್ಕನೇ ಕೌಂಟರಲ್ಲಿ ಸೀಲ್ ಹಾಕಿಸ್ಕೊಂಡು ಬನ್ನಿ" ಎಂದು ಅಪ್ಪನನ್ನು ಸಾಗಹಾಕುತ್ತಿದ್ದಳು. ಆ ಚೀಟಿಗೆ ಸೀಲು ಬೇಕಿರಲಿಲ್ಲ. ಕೌಂಟರಿನವನಿಗೂ ವಿಷಯ ಗೊತ್ತು, ಹದಿನೈದು ನಿಮಿಷ ಕಾಯಿಸಿಯೇ ಕಳಿಸುತ್ತಿದ್ದ. ಅಷ್ಟರಲ್ಲಿ ಹೊಡೆತ, ಬಡಿತ, ಕುಡಿತ, ಮಗು ಹಾಸಿಗೆ ಒದ್ದೆ ಮಾಡುವುದು ಎಲ್ಲ ಹೊರಗೆ ಬರುತ್ತಿತ್ತು. ಇದನ್ನು ನನ್ನ ಮುಂದೆ ಹೇಳಿಕೊಂಡು ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಹಿರಿಯ ಡಾಕ್ಟರಿಗೆ ಒಂದು ಮಗುವಿಗೆ ಆರು ನಿಮಿಷಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. "ನೀವು ಅಂಕ ಹಾಕಿಕೊಟ್ರೆ ನನ್ನ ಅರ್ಧ ಕೆಲಸ ಮುಗೀತು" ಎನ್ನುತ್ತಿದ್ದರು. ಉಳಿದರ್ಧವನ್ನು ಅವರು ಎಂದು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ.

ಈಗ ನನ್ನ ಮಗಳ ವಿಷಯ. ಹದಿಮೂರು ತುಂಬುವವರೆಗೆ ಓದಿನಲ್ಲಿ ಚುರುಕಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ನಿಧಾನವಾದಳು. ಒಂದು ಪುಟದ ಮುಂದೆ ಎರಡು ಗಂಟೆ ಕೂರುತ್ತಿದ್ದಳು. ಪರೀಕ್ಷೆಯಲ್ಲಿ ಮೂರು ಪ್ರಶ್ನೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಬರೆದು ಅಳಿಸುವುದು, ಬರೆದು ಅಳಿಸುವುದು. ನೋಟ್‌ಬುಕ್ಕಿನ ಹಾಳೆ ಅಲ್ಲಲ್ಲಿ ತೂತಾಗಿರುತ್ತಿತ್ತು. ನಾನು ಮಿಷನ್ ತುಳಿಯುತ್ತಲೇ ಬೈಯುತ್ತಿದ್ದೆ. ಸೋಮಾರಿ ಎಂದೆ, ಮಳ್ಳಿ ಎಂದೆ, ಒಮ್ಮೆ ರಬ್ಬರ್ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದೆ. ಅಂದು ಅವಳು ಬೆರಳಿಗೆ ಎಂಜಲು ಹಚ್ಚಿಕೊಂಡು ಅಳಿಸಿದಳು. ಕೊನೆಗೆ ಶಾಲೆಯಿಂದ ಪತ್ರ ಬಂತು: ಡಾಕ್ಟರಿಗೆ ತೋರಿಸಿ ವರದಿ ತರಬೇಕು, ಇಲ್ಲದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆ.

"ಇಷ್ಟಕ್ಕೆಲ್ಲ ಯಾಕೆ ಮುಖ ಸಪ್ಪೆ ಮಾಡ್ಕೊಂಡಿದೀಯ? ನಾನಿಲ್ವಾ?" ಎಂದಳು ಅಕ್ಕ. ಆ ಮಾತಿಗೆ ನನಗೆ ಅಳುವೇ ಬಂತು. ಹುಟ್ಟಿದಾಗಿನಿಂದ ಅವಳು ಇದ್ದೇ ಇದ್ದಳಲ್ಲ.

ಆ ಸೋಮವಾರ ನಾವು ಮೂವರೂ ಹೋದೆವು. ನನ್ನ ಗಂಡ ಬಸ್ ಡ್ರೈವರ್, ರಜೆ ಹಾಕಿ ಬಂದಿದ್ದ. ಅಕ್ಕ ಅವನಿಗೂ ಒಂದು ಚೀಟಿ ಹರಿದು ಕೊಟ್ಟು ನಾಲ್ಕನೇ ಕೌಂಟರಿಗೆ ಕಳಿಸಿ, ನನಗೆ ಕಣ್ಣು ಮಿಟುಕಿಸಿದಳು. ಗುಂಡಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹದಿನೆಂಟು ಪ್ರಶ್ನೆಗೂ ನಾನು ಪಟಪಟ ಉತ್ತರ ಕೊಟ್ಟೆ. ಕೆಲಸ ಮುಗಿಸ್ತಾಳಾ? ಇಲ್ಲ. ಕರೆದ್ರೆ ಓಗೊಡ್ತಾಳಾ? ಮೂರು ಸಲ ಕೂಗಬೇಕು. ಪುಸ್ತಕ ಹಿಡಿದು ಎಲ್ಲೋ ನೋಡ್ತಾ ಕೂರ್ತಾಳಾ? ಯಾವಾಗಲೂ. ಅಕ್ಕನ ಪೆನ್ನು ಬಲಗಡೆಯ ಚೌಕಗಳಲ್ಲೇ ಓಡುತ್ತಿತ್ತು.

ಮೂವತ್ತಮೂರನೇ ಪ್ರಶ್ನೆ ಗೀಳಿನದು. ಅದಕ್ಕೆ ಅಕ್ಕ ಹೊಂದಿಸಿಕೊಂಡಿದ್ದ ಮಾತು: "ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೀತಾಳಾ?"

"ಅಯ್ಯೋ, ಊಟಕ್ಕೆ ಮುಂಚೆ ಒಂದು ಸಲ ತೊಳಿ ಅಂತ ನಾನೇ ಹಿಂದೆ ಬೀಳಬೇಕು" ಎಂದೆ. ಇಬ್ಬರೂ ನಕ್ಕೆವು. ಅವಳು 'ಇಲ್ಲವೇ ಇಲ್ಲ' ಚೌಕಕ್ಕೆ ಗೆರೆ ಎಳೆದಳು.

ಬೆಂಚಿನಿಂದ ಗುಂಡಮ್ಮ, "ದೊಡ್ಡಮ್ಮ, ನನ್ನನ್ನೇನೂ ಕೇಳಲ್ವಾ?" ಎಂದಳು.

"ನಿನ್ನನ್ನ ಕೇಳೋದೇನಿದೆ, ಬಂಗಾರ? ನಿನ್ನ ಹೊಟ್ಟೇಲಿ ಏನೇನಿದೆ ಅಂತ ನಂಗೊತ್ತು."

ಗಮನದ ಅಂಕ ಗೆರೆ ದಾಟಿ ಬಹಳ ಮೇಲಿತ್ತು. ಹಿರಿಯ ಡಾಕ್ಟರು ಫಾರ್ಮಿನ ಕೆಳಗಿನ ಮೊತ್ತ ನೋಡಿದರು, ಗುಂಡಮ್ಮನ ಮುಖ ನೋಡಿದರು, ಶಾಲೆಗೆ ವರದಿ ಬರೆದರು. ಗಮನದ ಕೊರತೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಮಾತ್ರೆ. ಕಾರಿಡಾರಿನಲ್ಲಿ ಅಕ್ಕ ನನ್ನ ಬೆನ್ನು ತಟ್ಟಿ, "ಹೆಸರಿರೋ ಕಾಯಿಲೆ ಕಣೇ, ಮದ್ದಿರೋ ಕಾಯಿಲೆ. ನೆಮ್ಮದಿಯಾಗಿ ಮನೆಗೆ ಹೋಗು" ಎಂದಳು. ನಾನು ನೆಮ್ಮದಿಯಾಗಿಯೇ ಮನೆಗೆ ಹೋದೆ.

ಆ ಮಾತ್ರೆಯಿಂದ ಎಷ್ಟೋ ಮಕ್ಕಳು ಸುಧಾರಿಸಿದ್ದಾರೆ, ಮಾತ್ರೆಯನ್ನು ನಾನು ಬೈಯುವುದಿಲ್ಲ. ನನ್ನ ಮಗಳಿಗೆ ಅದು ಬೇಕಿರಲಿಲ್ಲ, ಅಷ್ಟೆ. ಅವಳ ಹಸಿವು ಸತ್ತಿತು. ಅವಳದೇ ಯೂನಿಫಾರಂ ಅನ್ನು ನಾನು ಒಂದೇ ವರ್ಷದಲ್ಲಿ ಎರಡು ಸಲ ಬಿಚ್ಚಿ ಚಿಕ್ಕದು ಮಾಡಿದೆ. ಬರವಣಿಗೆ ಇನ್ನೂ ನಿಧಾನವಾಯಿತು. ಮೊದಲು ಪದ ಅಳಿಸುತ್ತಿದ್ದವಳು ಈಗ ಅಕ್ಷರ ಅಕ್ಷರವನ್ನೂ ಅಳಿಸತೊಡಗಿದಳು. ಪ್ರತಿ ತಿಂಗಳೂ ಹೋಗುತ್ತಿದ್ದೆವು, ಪ್ರತಿ ತಿಂಗಳೂ ಅದೇ ಫಾರ್ಮು, ನನ್ನ ಬಾಯಿ, ಅಕ್ಕನ ಕೈ. ಕೆಲಸ ಮುಗಿಸ್ತಾಳಾ? ಇಲ್ಲ. ಅಂಕ ಏರುತ್ತಿತ್ತು, ಅಂಕ ಏರಿದ್ದಕ್ಕೆ ಮಾತ್ರೆಯೂ ಏರುತ್ತಿತ್ತು. ಶಾಲೆಯವರು ವರದಿ ಫೈಲಿನಲ್ಲಿಟ್ಟುಕೊಂಡು ಅವಳನ್ನು ಅದೇ ತರಗತಿಯಲ್ಲೇ ಕೂರಿಸಿದರು. ಹೀಗೆ ಹದಿನಾರು ತಿಂಗಳು ಕಳೆದವು.

ಹದಿನೇಳನೆಯ ತಿಂಗಳು ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು, ಮೂರು ವಾರ ರಜೆ. ಅವಳ ಕುರ್ಚಿಯಲ್ಲಿ ತರಬೇತಿಗೆ ಬಂದಿದ್ದ ಒಬ್ಬ ಕಿರಿಯ ಡಾಕ್ಟರಮ್ಮ ಕೂತಿದ್ದಳು. ನೋಡಲು ಕಾಲೇಜು ಹುಡುಗಿಯ ಹಾಗಿದ್ದಳು. ಅವಳು ನನ್ನನ್ನೂ ಗುಂಡಮ್ಮನನ್ನೂ ಒಂದು ಸಲ ನೋಡಿ, ಚೀಟಿ ಹರಿದು ನನ್ನ ಕೈಗೆ ಕೊಟ್ಟಳು.

"ಇದಕ್ಕೆ ನಾಲ್ಕನೇ ಕೌಂಟರಲ್ಲಿ ಸೀಲ್ ಹಾಕಿಸ್ಕೊಂಡು ಬರ್ತೀರಾ, ಅಮ್ಮ?"

ನನ್ನ ಮುಖಕ್ಕೆ ಹೊಡೆದಂತಾಯಿತು. ಅಕ್ಕನ ಉಪಾಯವನ್ನು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು, ಆ ಚೀಟಿಯ ಮರ್ಮ ನನಗೆ ಗೊತ್ತಿಲ್ಲವೇ? ಹೊಡೆಯುವ ಅಪ್ಪಂದಿರಿಗೆ, ಕುಡುಕರಿಗೆ ಕೊಡುವ ಚೀಟಿ ಅದು. ಜಗಳ ಕಾಯೋಣವೆನ್ನಿಸಿತು. ಆದರೆ ಮಗಳ ಮುಖ ನೋಡಿದೆ. ನಾನು ಎದ್ದು ಹೋಗಲೆಂದು ಅವಳು ಕಾಯುತ್ತಿದ್ದಳು. ಚೀಟಿ ಹಿಡಿದುಕೊಂಡು ಹೋದೆ. ಕೌಂಟರಿನವನು ನನ್ನ ಗುರುತು ಹಿಡಿದು ತಲೆ ತಗ್ಗಿಸಿದ. ಅವನಾಗಿ ಸೀಲು ಒತ್ತುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಡಾಕ್ಟರಮ್ಮ ಹೊಸಬಳು, ಅಕ್ಕನ ಮಾತುಗಳು ಅವಳಿಗೆ ಬರುತ್ತಿರಲಿಲ್ಲ. ಅಚ್ಚಾಗಿದ್ದದ್ದನ್ನು ಅಚ್ಚಾದ ಹಾಗೇ ಓದಿದ್ದಳು, ಅದೂ ಗುಂಡಮ್ಮನಿಗೆ: "ಯಾವುದಾದರೂ ಕ್ರಿಯೆಯನ್ನು ಅಗತ್ಯವಿಲ್ಲದಿದ್ದರೂ ಪದೇ ಪದೇ ಮಾಡಬೇಕೆನ್ನಿಸುತ್ತದೆಯೇ?" ಗುಂಡಮ್ಮ, "ಅಳಿಸೋದೂ ಅದರಲ್ಲಿ ಸೇರುತ್ತಾ?" ಎಂದಳಂತೆ.

ನಾನು ವಾಪಸು ಬಂದಾಗ ಅವಳು ಬಿಕ್ಕುತ್ತಿದ್ದಳು. ಡಾಕ್ಟರಮ್ಮ ಗುಂಡಮ್ಮನ ಒಪ್ಪಿಗೆ ಕೇಳಿಯೇ ನನಗೆ ಹೇಳಿದಳು. ಬರೆದ ಅಕ್ಷರ ಸರಿಯಾಗಿ ಕೂರದಿದ್ದರೆ ಅಮ್ಮ ಸಾಯುತ್ತಾಳೆ ಎಂದು ನನ್ನ ಮಗಳಿಗೆ ಅನ್ನಿಸುತ್ತಿತ್ತು. ಅದು ಸುಳ್ಳೆಂದು ಅವಳಿಗೆ ಗೊತ್ತು. ಗೊತ್ತಿದ್ದರೂ ಅಳಿಸದೆ ಬಿಟ್ಟರೆ ಎದೆ ಒಡೆದುಹೋಗುವ ಹಾಗಾಗುತ್ತಿತ್ತು. ಶಾಲೆಯಲ್ಲಿ ಎಲ್ಲೋ ನೋಡುತ್ತಾ ಕೂರುತ್ತಿದ್ದದ್ದು ಕನಸು ಕಾಣುತ್ತಾ ಅಲ್ಲ, ಒಂದು ಸಾಲನ್ನು ಮನಸ್ಸಿನಲ್ಲೇ ನಾಲ್ಕು ಸಲ ತಪ್ಪಿಲ್ಲದೆ ಹೇಳಿಕೊಳ್ಳುತ್ತಾ. ನಡುವೆ ಯಾರಾದರೂ ಕರೆದರೆ ಮೊದಲಿಂದ ಶುರು. ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಕೈ ತೊಳೆಯುವುದು ಅದರ ಒಂದು ಮುಖ ಮಾತ್ರ, ಎಂದಳು ಡಾಕ್ಟರಮ್ಮ. ಅವಳು ಹೇಳುತ್ತಾ ಹೋದ ಹಾಗೆ ನನಗೆ ಆ ಕಿಟಕಿ ನೆನಪಾಯಿತು, ನಾನು ಎಸೆದ ರಬ್ಬರು ನೆನಪಾಯಿತು. ನನ್ನ ಜೀವ ಉಳಿಸಲು ಕೂತವಳನ್ನು ನಾನು ಮಳ್ಳಿ ಎಂದಿದ್ದೆ. ಅಲ್ಲೇ ನೆಲದ ಮೇಲೆ ಕುಸಿದು ಅತ್ತೆ.

ಸಂಜೆ ಸೀದಾ ಅಕ್ಕನ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದಳು. ಬಾಯಿಗೆ ಬಂದದ್ದೆಲ್ಲ ಅಂದೆ.

"ನೀನು ಹೇಳಿದ್ದನ್ನೇ ತಾನೆ ನಾನು ಬರೆದಿದ್ದು?" ಎಂದಳು ಅವಳು. "ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿ ಇಲ್ಲ."

"ನೀನು ಕೇಳಿದ್ದಕ್ಕೆ ತಾನೆ ನಾನು ಹೇಳಿದ್ದು? ಕೈ ತೊಳೀತಾಳಾ ಅಂತ ನೀನು ಕೇಳಿದೆ, ಇಲ್ಲ ಅಂತ ನಾನು ಅಂದೆ. ಅಳಿಸ್ತಾಳಾ ಅಂತ ಕೇಳಿದ್ಯಾ?"

"ಎಲ್ಲರನ್ನೂ ಹಾಗೇ ಕೇಳೋದು ನಾನು. ಇಪ್ಪತ್ತೆರಡು ವರ್ಷದಿಂದ ಹಾಗೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ಬೆಳಕು ಚುಚ್ಚುತ್ತಿದ್ದರೂ ಮತ್ತೆ ಹಾಕಿಕೊಳ್ಳಲಿಲ್ಲ. "ಹೀಗೆ ಎಷ್ಟು ಮಕ್ಕಳಿರಬಹುದು?" ಎಂದು ಕೇಳಿದಳು.

ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. "ನಂಗೇನು ಗೊತ್ತು? ನಿನ್ನ ಆಸ್ಪತ್ರೆ, ನಿನ್ನ ಫಾರ್ಮು" ಎಂದು ಎದ್ದು ಬಂದೆ.

ರಜೆ ಮುಗಿಸಿ ಹೋದ ಮೇಲೆ ಅಕ್ಕ ಮೂವತ್ತಮೂರನೆಯದನ್ನು ಅಚ್ಚಾದ ಹಾಗೇ ಓದಿ, ಆಮೇಲೆ ಹತ್ತು ಉದಾಹರಣೆ ಕೊಟ್ಟು ಕೇಳತೊಡಗಿದಳು. ಅಮ್ಮಂದಿರಿಗೂ ಚೀಟಿ ಹರಿದು ಕೊಟ್ಟು, ಮಕ್ಕಳನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಿದ್ದಳು. ಒಂದು ಫಾರ್ಮಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸಾಲು ಗೇಟಿನವರೆಗೆ ಬೆಳೆಯಿತು, ಜನ ಗೊಣಗಿದರು. ಎರಡೇ ವಾರಕ್ಕೆ ಹಿರಿಯ ಡಾಕ್ಟರು ಅವಳನ್ನು ಒಳಗೆ ಕರೆದು, "ನಿವೃತ್ತಿಗೆ ಇನ್ನು ನಾಲ್ಕು ತಿಂಗಳು ಇದೆ. ಇಷ್ಟು ದಿನ ಹೇಗೆ ಮಾಡ್ತಿದ್ರೋ ಹಾಗೇ ಮಾಡ್ಕೊಂಡು ಹೋಗಿ" ಎಂದರು. ಹಳೆಯ ಫೈಲುಗಳನ್ನು ತೆಗೆದು ಆ ಮಕ್ಕಳನ್ನು ಮತ್ತೆ ಕರೆಸೋಣವೇ ಎಂದು ಅಕ್ಕ ಕೇಳಿದಳಂತೆ. ಅವರು ನಕ್ಕರಂತೆ. ಅವಳು ಮತ್ತೆ ಹಳೆಯ ಹಾಗೇ ಕೇಳತೊಡಗಿದಳು. ನೌಕರಿ ಬಿಟ್ಟು ಎದ್ದು ಬರಲಿಲ್ಲ, ಇದನ್ನೂ ನಾನು ಬರೆಯಬೇಕು.

ಗುಂಡಮ್ಮನಿಗೆ ಹಳೆಯ ಮಾತ್ರೆ ನಿಲ್ಲಿಸಿದರು, ಬೇರೆ ಔಷಧಿ ಶುರುವಾಯಿತು. ಅದಕ್ಕಿಂತ ದೊಡ್ಡದು ಡಾಕ್ಟರಮ್ಮ ಪ್ರತಿ ಬುಧವಾರ ಕೊಡುತ್ತಿದ್ದ ಅಭ್ಯಾಸ. ಬೇಕೆಂದೇ ಒಂದು ಅಕ್ಷರ ಸೊಟ್ಟಗೆ ಬರೆಯಬೇಕು, ಅಳಿಸಬಾರದು, ಭಯ ತಾನಾಗಿ ಇಳಿಯುವವರೆಗೆ ಅದರ ಎದುರು ಕೂರಬೇಕು. ಮೊದಮೊದಲು ಅವಳು ಬೆವರಿ ನಡುಗುತ್ತಿದ್ದಳು. "ಅಮ್ಮ, ನಿಂಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಿದ್ದಳು. ಅದಕ್ಕೆ 'ಏನೂ ಆಗಲ್ಲ' ಎಂದು ಉತ್ತರ ಕೊಡಬಾರದು, ಕೊಟ್ಟರೆ ಗೀಳು ಇನ್ನಷ್ಟು ಬೆಳೆಯುತ್ತದೆ ಎಂದು ಡಾಕ್ಟರಮ್ಮ ನನಗೆ ಕಟ್ಟುನಿಟ್ಟಾಗಿ ಹೇಳಿದ್ದಳು. ನಾನು ಹಲ್ಲು ಕಚ್ಚಿಕೊಂಡು ಮಿಷನ್ ತುಳಿಯುತ್ತಿದ್ದೆ. ಮಗಳು ಹೆದರಿ ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದೇ ಮದ್ದು ಎಂದರೆ ಎಂಥ ಹಣೆಬರಹ ನೋಡಿ. ಆದರೂ ತಿಂಗಳುಗಳಲ್ಲಿ ಹಾಳೆಯ ತೂತುಗಳು ಕಡಿಮೆಯಾದವು, ತಟ್ಟೆಯ ಊಟ ಖಾಲಿಯಾಗತೊಡಗಿತು.

ಅಕ್ಕನ ಬೀಳ್ಕೊಡುಗೆಯ ದಿನ ಬಂತು. ಹಿರಿಯ ಡಾಕ್ಟರು ಮೈಕಿನ ಮುಂದೆ ನಿಂತು, ಈ ಕೈ ಮೂವತ್ತು ಸಾವಿರ ಮಕ್ಕಳ ಫಾರ್ಮು ತುಂಬಿದೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಅಕ್ಕ ತಲೆಯೆತ್ತಲಿಲ್ಲ. ಪಕ್ಕದಲ್ಲಿದ್ದ ನರ್ಸು ನನ್ನ ಕಿವಿಯಲ್ಲಿ, "ಪಾಪ, ಬಿಟ್ಟು ಹೋಗೋಕೆ ಮನಸ್ಸಿಲ್ಲ" ಎಂದಳು. ನಾನು ಹೂಂ ಎಂದೆ. ಕಾಣಿಕೆಯಾಗಿ ಒಂದು ಗೋಡೆ ಗಡಿಯಾರ ಕೊಟ್ಟರು, ಅದನ್ನು ಹೊತ್ತುಕೊಂಡು ಅವಳು ಮಧ್ಯಾಹ್ನ ನಮ್ಮ ಮನೆಗೇ ಬಂದಳು.

ಗುಂಡಮ್ಮ ಒಳಗೆ ಊಟ ಮಾಡುತ್ತಿದ್ದಳು. ಅವಳ ಬುಧವಾರದ ನೋಟ್‌ಬುಕ್ಕು ನನ್ನ ಹೊಲಿಗೆ ಮೇಜಿನ ಮೇಲೆ ತೆರೆದೇ ಇತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ಓದಿದಳು, ಅವಳ ಮುಖ ಬಿಳಿಚಿಕೊಂಡಿತು. ನಾನೂ ಬಗ್ಗಿ ನೋಡಿದೆ. ಪುಟದ ತುಂಬ ಒಂದೇ ವಾಕ್ಯ, ಇಪ್ಪತ್ತು ಸಲ. 'ಇವತ್ತು ನನ್ನ ಅಮ್ಮ ಸಾಯುತ್ತಾಳೆ.' ಅಕ್ಷರಗಳು ಅಲ್ಲಲ್ಲಿ ಸೊಟ್ಟಗಿದ್ದವು. ಎಲ್ಲೂ ಅಳಿಸಿದ ಗುರುತಿರಲಿಲ್ಲ. ಒಂದೂವರೆ ವರ್ಷಕ್ಕೂ ಮೇಲೆ ನನ್ನ ಮಗಳು ಬರೆದ ಮೊದಲ ಶುದ್ಧ ಪುಟ ಅದು.

ಅಕ್ಕ ಮೇಜಿನ ಮೇಲಿದ್ದ ರಬ್ಬರಿಗೆ ಕೈ ಹಾಕಿದಳು. "ಛೆ, ಎಂಥ ಅಪಶಕುನದ ಮಾತು ಬರೆದಿದಾಳೆ. ಅಳಿಸ್ತೀನಿ ತಾಳು."

ನಾನು ಅವಳ ಮಣಿಕಟ್ಟು ಹಿಡಿದೆ. ನನ್ನ ತಲೆ ಬಾಚಿದ ಕೈ ಅದು. ನೋವಾಗುವಷ್ಟು ಬಿಗಿಯಾಗಿಯೇ ಹಿಡಿದೆ.

"ಮುಟ್ಟಬೇಡ. ಹೆದರಿಕೆಯನ್ನೇ ಬರೆದು ಅಳಿಸದೆ ಬಿಡೋದು, ಅದೇ ಅವಳ ಮದ್ದು."

"ಇದಾ?"

"ಇದೇ."

ಅವಳು ರಬ್ಬರು ಕೆಳಗಿಟ್ಟು, ನೋಟ್‌ಬುಕ್ಕನ್ನು ಇದ್ದ ಜಾಗದಲ್ಲೇ ಇಟ್ಟಳು. ಒಳಗಿನಿಂದ ಗುಂಡಮ್ಮ, "ಅಮ್ಮ, ನನ್ನ ಪುಟ ನೋಡಿದ್ಯಾ?" ಎಂದು ಕೂಗಿದಳು.

"ನೋಡ್ದೆ" ಎಂದೆ.

"ಚೆನ್ನಾಗಿದ್ಯಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ತುಂಬಾ ಚೆನ್ನಾಗಿದೆ ಕಣೇ" ಎಂದೆ.